ಬೋರ್ಡಿನ ಕೊನೆಯ ಖಾಲಿ ಗೆರೆ

(ಮೇ 31ರಂದು ಮಡಿಕೇರಿಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ವಿಶ್ವ ತಂಬಾಕು ರಹಿತ ದಿನ. ಇನ್ನೊಂದು ವಾರ, ಹತ್ತು ದಿನ ಕಳೆದರೆ ನಮ್ಮಲ್ಲಿ ಮಳೆ ಹಿಡಿಯುತ್ತದೆ. ನಾನು ಹೊಗೆಯ ಬಗ್ಗೆ ಮಾತಾಡಬೇಕು. ಆದರೂ ಮಳೆಯಿಂದಲೇ ಶುರು ಮಾಡುತ್ತೇನೆ. ಈ ವಿಷಯ ನನ್ನ ಮನಸ್ಸಿಗೆ ನಾಟಿದ್ದು ಒಂದು ಜುಲೈ ತಿಂಗಳ ಸಂಜೆ, ಬಸ್ ಶೆಲ್ಟರಿನ ಕೆಳಗೆ.

ನನ್ನ ಹೆಂಡತಿಗೆ ಉಬ್ಬಸ ಇದೆ. ಮಳೆಗಾಲದಲ್ಲಿ ಜಾಸ್ತಿ. ಅವತ್ತು ಡಾಕ್ಟರ ಹತ್ತಿರ ತೋರಿಸಿಕೊಂಡು ಇಬ್ಬರೂ ವಾಪಸ್ ಬರುತ್ತಿದ್ದೆವು. ಗಾಳಿ ಮಳೆ. ಕೊಡೆ ಹಿಡಿದರೆ ಮಗುಚಿಕೊಳ್ಳುತ್ತಿತ್ತು. ಶೆಲ್ಟರಿನಲ್ಲಿ ಕಾಲಿಡಲು ಜಾಗವಿಲ್ಲ. ಶಾಲೆ ಬಿಟ್ಟು ಬಂದ ಮಕ್ಕಳು, ತರಕಾರಿ ಚೀಲ ಹಿಡಿದ ಹೆಂಗಸರು, ತೋಟದ ಕೆಲಸ ಮುಗಿಸಿ ಬಂದವರು, ಎಲ್ಲರೂ ಒತ್ತಿಕೊಂಡು ನಿಂತಿದ್ದರು. ಮೂಲೆಯಲ್ಲಿ ಒಬ್ಬರು ಬೀಡಿ ಹಚ್ಚಿದರು. ಕೆಟ್ಟ ಮನುಷ್ಯ ಅಲ್ಲ. ಗೋಡೆ ಕಡೆ ತಿರುಗಿ, ಬೀಡಿಯನ್ನು ಅಂಗೈಯೊಳಗೆ ಮುಚ್ಚಿಕೊಂಡೇ ಎಳೆಯುತ್ತಿದ್ದರು. ಆದರೆ ಮುಂದೆ ಮಳೆ ಪರದೆ ಇಳಿಬಿಟ್ಟ ಹಾಗೆ ಸುರಿಯುತ್ತಿತ್ತು. ಹೊಗೆಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ನಮ್ಮ ತಲೆಗಳ ಮಟ್ಟದಲ್ಲೇ ನಿಂತುಬಿಟ್ಟಿತು.

ಇವಳು ಸೆರಗನ್ನು ಮೂಗಿಗೆ ಹಿಡಿದಳು. ಒಂದೆರಡು ಸಲ ಕೆಮ್ಮಿದಳು. ಆಮೇಲೆ ನನ್ನ ಕೈಯಿಂದ ಕೊಡೆ ತೆಗೆದುಕೊಂಡು ಹೊರಗೆ ಹೋಗಿ ನಿಂತಳು. ಬಸ್ ಬರುವವರೆಗೆ ಸುಮಾರು ಹತ್ತು ನಿಮಿಷ ಮಳೆಯಲ್ಲೇ ಇದ್ದಳು. ಸೀರೆ ಮೊಣಕಾಲಿನವರೆಗೆ ನೆನೆದಿತ್ತು. ಅವಳು ಬಿಟ್ಟು ಹೋದ ಜಾಗದ ಮೇಲೆ, ಗೋಡೆಯಲ್ಲಿ, ಒಂದು ಬೋರ್ಡ್ ಇತ್ತು. ‘ಧೂಮಪಾನ ನಿಷೇಧಿತ ಪ್ರದೇಶ. ಇಲ್ಲಿ ಧೂಮಪಾನ ಮಾಡುವುದು ಅಪರಾಧ.’

ನಾನು ಏನೂ ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳ ಎದುರು ನಿಂತು ಪಾಠ ಮಾಡಿದವನು. ಅವತ್ತು ಬಾಯಿ ಬರಲಿಲ್ಲ. ಅಲ್ಲಿದ್ದ ಯಾರಿಗೂ ಬರಲಿಲ್ಲ. ಮನೆಗೆ ಬಂದ ಮೇಲೂ ಅದೇ ಯೋಚನೆ. ಅಷ್ಟು ಜನ ಇದ್ದೆವು. ಸೇದುತ್ತಿದ್ದವರು ಒಬ್ಬರೇ. ಕಾನೂನು ನಮ್ಮ ಕಡೆ ಇತ್ತು, ಬೋರ್ಡ್ ತಲೆ ಮೇಲೇ ಇತ್ತು. ಆದರೂ ಮಳೆಗೆ ಹೋಗಿ ನಿಂತವಳು ಉಬ್ಬಸದ ರೋಗಿ. ಯಾಕೆ ಹೀಗಾಯಿತು?

ಈ ಪ್ರಶ್ನೆ ಹಿಡಿದುಕೊಂಡು ನಾನು ಒಂದಿಷ್ಟು ಕಾಲ ನಮ್ಮೂರನ್ನು ಸುಮ್ನೆ ನೋಡುತ್ತಾ ಓಡಾಡಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಇಬ್ಬರು ಮೂವರು ಜೊತೆಗೆ ಬಂದರು. ಅಲ್ಲಿ ಕಂಡದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಬಸ್ಸಿನ ಒಳಗೆ ಹೋಗೋಣ. ನಿಮ್ಮಲ್ಲಿ ಐವತ್ತು ದಾಟಿದವರಿಗೆ ನೆನಪಿರಬಹುದು. ಆಗ ಮಡಿಕೇರಿಯಿಂದ ವಿರಾಜಪೇಟೆಗೋ ಸೋಮವಾರಪೇಟೆಗೋ ಬಸ್ಸಿನಲ್ಲಿ ಹೋಗುವುದು ಅಂದರೆ ಬೀಡಿ ಹೊಗೆಯಲ್ಲಿ ಹೋಗುವುದು. ಮಳೆಗೆ ಕಿಟಕಿ ಟಾರ್ಪಾಲು ಇಳಿಸಿರುತ್ತಿದ್ದರು. ಒಂದೊಂದು ತಿರುವಿಗೂ ಹೊಟ್ಟೆ ತೊಳೆಸುತ್ತಿತ್ತು. ಮಕ್ಕಳು ವಾಂತಿ ಮಾಡಿದರೆ ‘ಗಾಟಿ ರಸ್ತೆ, ಹಾಗೇ ಆಗ್ತದೆ’ ಅನ್ನುತ್ತಿದ್ದರು. ತಿರುವಿನಷ್ಟೇ ಪಾಲು ಹೊಗೆಗೂ ಇತ್ತು ಅಂತ ಯಾರೂ ಹೇಳುತ್ತಿರಲಿಲ್ಲ.

ಇವತ್ತು ಬಸ್ಸಿನಲ್ಲಿ ಯಾರಾದರೂ ಬೀಡಿ ಹಚ್ಚುತ್ತಾರಾ? ನಾನಂತೂ ಕಂಡು ಬಹಳ ವರ್ಷವಾಯಿತು. ಬೀಡಿ ಸೇದುವ ಅದೇ ಮನುಷ್ಯ, ಶೆಲ್ಟರಿನಲ್ಲಿ ಹಚ್ಚಿದವರೇ, ಬಸ್ ಬಂದ ಕೂಡಲೇ ಅದನ್ನು ಕಾಲಿನಡಿ ಹಾಕಿ ತಿಕ್ಕಿ ಹತ್ತಿದರು. ಮುಕ್ಕಾಲು ಗಂಟೆ ದಾರಿ. ಬಾಯಿಗೆ ಬೀಡಿ ಇಡಲಿಲ್ಲ. ಅಂದರೆ ತಡೆದುಕೊಳ್ಳಲು ಆಗುವುದಿಲ್ಲ ಅನ್ನುವುದು ನಿಜವಲ್ಲ. ಮನುಷ್ಯ ಅವರೇ, ಕಾನೂನು ಅದೇ, ಬೋರ್ಡೂ ಅದೇ. ಮೆಟ್ಟಿಲಿನ ಆಚೆಗೂ ಈಚೆಗೂ ವ್ಯತ್ಯಾಸ ಒಂದೇ. ಬಸ್ಸಿನಲ್ಲಿ ಕಂಡಕ್ಟರ್ ಇದ್ದಾರೆ. ‘ಇಲ್ಲಿ ಸೇದಬಾರದು’ ಅಂತ ಹೇಳುವುದು ಅವರ ಕೆಲಸ. ಅವರು ಹೇಳಿದರೆ ಯಾರೂ ‘ನಿನಗೇನು’ ಅನ್ನುವುದಿಲ್ಲ. ಶೆಲ್ಟರಿನಲ್ಲಿ ಅಂಥ ಒಬ್ಬರೂ ಇರಲಿಲ್ಲ.

ನಾನು ನೋಡಿದ ಕಡೆಯಲ್ಲೆಲ್ಲ ಇದೇ ಕಂಡಿತು. ಹೇಳಬೇಕಾದವರು ಇಂಥವರು ಅಂತ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ನಿಷೇಧ ನಡೆಯುತ್ತದೆ. ಗೊತ್ತಿಲ್ಲದ ಜಾಗದಲ್ಲಿ ಎಷ್ಟು ದೊಡ್ಡ ಬೋರ್ಡ್ ಹಾಕಿದರೂ ನಡೆಯುವುದಿಲ್ಲ. ಬ್ಯಾಂಕಿನ ಒಳಗೆ ಹೊಗೆ ಇಲ್ಲ, ಮ್ಯಾನೇಜರ್ ಇದ್ದಾರೆ. ಅದೇ ಕಟ್ಟಡದ ಮೆಟ್ಟಿಲಿನ ತಿರುವಿನಲ್ಲಿ, ಮಹಡಿಯ ಶೌಚಾಲಯದಲ್ಲಿ ಹೊಗೆ ಇದೆ. ಆ ಮೆಟ್ಟಿಲು ಕೆಳಗಿನ ಅಂಗಡಿಯವರದ್ದೂ ಅಲ್ಲ, ಮೇಲಿನ ಆಫೀಸಿನವರದ್ದೂ ಅಲ್ಲ.

ಇನ್ನೊಂದು ವಿಷಯ ನಿಮಗೆಲ್ಲ ಗೊತ್ತೇ ಇದೆ. ನಮ್ಮಲ್ಲಿ ದೊಡ್ಡವರ ಎದುರು ಸೇದುವುದಿಲ್ಲ. ನಲವತ್ತು ವರ್ಷದ ಗಂಡಸು, ಮದುವೆಯಾಗಿ ಮಕ್ಕಳಿರುವವರು, ಮಾವನೋ ದೊಡ್ಡಪ್ಪನೋ ಬರುವುದು ಕಂಡರೆ ಸಿಗರೇಟನ್ನು ಬೆನ್ನ ಹಿಂದೆ ಮರೆ ಮಾಡುತ್ತಾರೆ. ನನ್ನ ವಿದ್ಯಾರ್ಥಿಗಳು ಈಗಲೂ ನನ್ನ ಕಂಡರೆ ಕೆಳಗೆ ಹಾಕುತ್ತಾರೆ. ಓಂಕಾರೇಶ್ವರ ದೇವಸ್ಥಾನದ ಒಳಗೆ, ತಲಕಾವೇರಿಯ ಕುಂಡಿಕೆಯ ಹತ್ತಿರ ಯಾರೂ ಹಚ್ಚುವುದಿಲ್ಲ. ದಂಡದ ಹೆದರಿಕೆಯಿಂದ ಹಾಗೆ ಮಾಡುವವರು ಯಾರೂ ಇಲ್ಲ. ಹಾಗಾಗಿ ‘ನಮ್ಮ ಜನಕ್ಕೆ ಶಿಸ್ತು ಇಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಶಿಸ್ತು ಇದೆ. ಅದು ಮುಖ ನೋಡಿ ಬರುವ ಶಿಸ್ತು. ಗೋಡೆ ನೋಡಿ ಬರುವುದಲ್ಲ.

ಈಗ ಕಾನೂನಿಗೆ ಬರೋಣ. ಸ್ವಲ್ಪ ಹೊತ್ತು ಇಲ್ಲಿ ನಿಲ್ಲಬೇಕು. ಯಾಕಂದರೆ ಕಾನೂನು ಏನು ಹೇಳುತ್ತದೆ ಅಂತ ನಮ್ಮಲ್ಲಿ ತುಂಬಾ ಜನಕ್ಕೆ ಅರ್ಧ ಮಾತ್ರ ಗೊತ್ತು.

ಇದರ ಬೇರು ನಮ್ಮ ಪಕ್ಕದಲ್ಲೇ ಇದೆ. ಮಾಕುಟ್ಟದ ಆಚೆ ಕೇರಳ. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಜಾಗದಲ್ಲಿ ಧೂಮಪಾನ ಮಾಡಬಾರದು ಎಂದು ತೀರ್ಪು ಕೊಟ್ಟಿತು. ಸೇದದವರಿಗೂ ಬದುಕುವ ಹಕ್ಕು ಇದೆ, ಬೇರೆಯವರ ಹೊಗೆ ಅದಕ್ಕೆ ಅಡ್ಡ ಬರುತ್ತದೆ ಅನ್ನುವುದು ಅದರ ತಿರುಳು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅದೇ ರೀತಿ ಆದೇಶ ಕೊಟ್ಟಿತು. 2003ರಲ್ಲಿ ಸಂಸತ್ತು ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ ಮಾಡಿತು. ಅಧಿಕಾರಿಗಳು ಅದರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ‘ಕೋಟ್ಪಾ’ ಅನ್ನುತ್ತಾರೆ. ಅದರ 4ನೇ ಕಲಂ ಸಾರ್ವಜನಿಕ ಸ್ಥಳದ ಧೂಮಪಾನದ್ದು. 2008ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನದಿಂದ ಅದಕ್ಕೆ ಹೊಸ ನಿಯಮಗಳು ಜಾರಿಗೆ ಬಂದವು.

ಆ ನಿಯಮಗಳನ್ನು ನಾನು ಕೂತು ಓದಿದೆ. ತುಂಬಾ ಸರಳವಾಗಿವೆ. ಬೋರ್ಡ್ ಕನಿಷ್ಠ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ ಇರಬೇಕು. ಬಾಗಿಲಲ್ಲಿ ಇರಬೇಕು, ಪ್ರತಿ ಮಹಡಿಯಲ್ಲಿ ಇರಬೇಕು, ಮೆಟ್ಟಿಲ ಬಳಿಯೂ ಇರಬೇಕು. ಬೂದಿ ಬಟ್ಟಲು, ಬೆಂಕಿ ಪೊಟ್ಟಣ, ಲೈಟರ್ ಇಡಬಾರದು. ‘ಬಯಲಲ್ಲಿ ಸೇದಬಹುದಲ್ವಾ’ ಅಂತ ಕೇಳುವವರಿಗೂ ಅದರಲ್ಲೇ ಉತ್ತರ ಇದೆ. ಬಯಲು ರಂಗಮಂದಿರ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣ ಇವು ಬಯಲಿನ ಲೆಕ್ಕಕ್ಕೆ ಬರುವುದಿಲ್ಲ. ರೈಲು ನಮಗಿಲ್ಲ, ಅದು ಬಿಡಿ. ಆದರೆ ಹಾಕಿ ನಮಗಿದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಅಜ್ಜಿಯರಿಂದ ಹಿಡಿದು ಕಂಕುಳ ಕೂಸಿನವರೆಗೆ ಇಡೀ ಮನೆಯೇ ಬಂದು ಗ್ಯಾಲರಿಯಲ್ಲಿ ಕೂರುತ್ತದೆ. ಮೇಲೆ ಆಕಾಶ ಕಾಣುತ್ತದೆ ಅಂತ ಆ ಗ್ಯಾಲರಿ ಸೇದುವ ಜಾಗ ಆಗುವುದಿಲ್ಲ.

ಓದುತ್ತಾ ಹೋದಾಗ ಒಂದು ಸಾಲಿನಲ್ಲಿ ನನ್ನ ಕಣ್ಣು ನಿಂತಿತು. ಯಾರಾದರೂ ಸೇದುವುದು ಕಂಡರೆ ಯಾರಿಗೆ ದೂರು ಕೊಡಬೇಕೋ ಅವರ ಹೆಸರನ್ನು ಎದ್ದು ಕಾಣುವಂತೆ ಹಾಕಬೇಕು. ದೂರು ಬಂದ ಮೇಲೂ ಆ ಜಾಗದ ಮಾಲೀಕರೋ ಮ್ಯಾನೇಜರೋ ಸುಮ್ಮನಿದ್ದರೆ, ಎಷ್ಟು ಜನ ಸೇದಿದ್ದಾರೋ ಅಷ್ಟು ದಂಡ ಅವರ ಮೇಲೆ ಬೀಳುತ್ತದೆ.

ಮಾರನೇ ದಿನ ನಾನು ಮತ್ತೆ ಆ ಶೆಲ್ಟರಿಗೆ ಹೋದೆ. ಬೋರ್ಡನ್ನು ಹತ್ತಿರದಿಂದ ನೋಡಿದೆ. ಕೆಂಪು ವೃತ್ತ, ಅಡ್ಡಗೆರೆ ಎಳೆದ ಸಿಗರೇಟಿನ ಚಿತ್ರ. ಅದರ ಕೆಳಗೆ ಅಪರಾಧ ಅನ್ನುವ ಮಾತು. ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ ‘ದೂರು ನೀಡಬೇಕಾದವರ ಹೆಸರು’. ಅದರ ಮುಂದೆ ಚುಕ್ಕಿ ಚುಕ್ಕಿಯ ಒಂದು ಗೆರೆ. ಆಮೇಲೆ ‘ದೂರವಾಣಿ’. ಅದರ ಮುಂದೆಯೂ ಗೆರೆ. ಎರಡೂ ಖಾಲಿ. ಪ್ರೆಸ್ಸಿನಿಂದ ಬಂದ ಹಾಗೆಯೇ ಇತ್ತು. ಮಳೆ ನೀರು ಇಳಿದು ಒಂದು ಮೂಲೆಯಲ್ಲಿ ಪಾಚಿ ಹತ್ತಿತ್ತು.

ಅಲ್ಲಿಂದ ಮುಂದೆ ನಾವು ಎಲ್ಲಿ ಹೋದರೂ ಮೊದಲು ನೋಡುತ್ತಿದ್ದದ್ದು ಆ ಗೆರೆಯನ್ನೇ. ಕಚೇರಿಗಳಲ್ಲಿ ನೋಡಿದೆವು, ಊಟದ ಹೋಟೆಲುಗಳಲ್ಲಿ ನೋಡಿದೆವು. ಬೋರ್ಡ್ ಇರುತ್ತಿತ್ತು. ಗೆರೆ ಹೆಚ್ಚಿನ ಕಡೆ ಖಾಲಿ. ಕೆಲವು ಕಡೆ ಹೆಸರು ಇತ್ತು, ಆದರೆ ಆ ಅಧಿಕಾರಿ ವರ್ಗವಾಗಿ ಹೋಗಿ ವರ್ಷಗಳಾಗಿದ್ದವು. ಬೋರ್ಡ್ ಹಾಕಿದವರು ಪಾಪ ತಮ್ಮ ಕೆಲಸ ಮಾಡಿದ್ದಾರೆ. ಪರಿಶೀಲನೆಗೆ ಬಂದವರು ಬೋರ್ಡ್ ಇದೆಯಾ ಅಂತ ನೋಡಿ ಗುರುತು ಹಾಕಿಕೊಂಡು ಹೋಗುತ್ತಾರೆ. ಆದರೆ ಶೆಲ್ಟರಿನಲ್ಲಿ ಕೆಮ್ಮುತ್ತಾ ನಿಂತವರಿಗೆ ಬೇಕಾದದ್ದು ಆ ಒಂದು ಹೆಸರು.

ದಂಡ ಹಾಕುವ ಅಧಿಕಾರ ಪೊಲೀಸರಿಗೆ ಮಾತ್ರ ಅಂತ ನಾವು ಅಂದುಕೊಂಡಿದ್ದೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಯಮಗಳ ಹಿಂದೆ ಒಂದು ಪಟ್ಟಿ ಇದೆ. ಶಾಲೆಯಲ್ಲಿ ಮುಖ್ಯ ಶಿಕ್ಷಕರಿಗೆ, ಶಿಕ್ಷಕರಿಗೆ ಆ ಅಧಿಕಾರ ಇದೆ. ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರಿಗೆ ಇದೆ. ಆಸ್ಪತ್ರೆಯಲ್ಲಿ ಅದರ ಮುಖ್ಯಸ್ಥರಿಗೆ ಇದೆ. ನಾನು ಮೇಷ್ಟ್ರಾಗಿದ್ದಾಗ ನನ್ನ ಶಾಲೆಯ ಆವರಣದೊಳಗೆ ಯಾರಾದರೂ ಸೇದಿದರೆ ರಸೀದಿ ಕೊಟ್ಟು ದಂಡ ಹಾಕುವ ಅಧಿಕಾರ ನನಗಿತ್ತು. 2008ರಿಂದ ನಿವೃತ್ತಿಯವರೆಗೆ ಇತ್ತು. ನನಗೆ ಅದು ಗೊತ್ತಾದದ್ದು ನಿವೃತ್ತನಾದ ಮೇಲೆ. ಇದನ್ನು ಹೇಳುವಾಗ ನನಗೆ ಬೇಸರವಾಗುತ್ತದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಬಂದು ಜಗಲಿಯಲ್ಲಿ ನಿಂತು ಸೇದಿದವರು ಎಷ್ಟು ಜನ ಇದ್ದರು.

ದಂಡ ಈಗ ಜಾಸ್ತಿಯಾಗಿದೆ. ಮೊದಲು 200 ರೂಪಾಯಿವರೆಗೆ ಇತ್ತು. ಕರ್ನಾಟಕ ಮಾಡಿದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ಅದರ ಪ್ರಕಾರ ದಂಡ 1,000 ರೂಪಾಯಿವರೆಗೆ. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ. ಹುಕ್ಕಾ ಬಾರ್ ನಡೆಸುವಂತಿಲ್ಲ. ದಂಡ ಏರಿದ್ದು ಒಳ್ಳೆಯದೇ. ಆದರೆ ಅದೊಂದೇ ಸಾಲುತ್ತದೆ ಅಂತ ನನಗೆ ಅನಿಸುವುದಿಲ್ಲ. ವಾರಾಂತ್ಯಕ್ಕೆ ಕಾರಿನಲ್ಲಿ ಬಂದ ಪ್ರವಾಸಿಗೆ ಸಾವಿರ ಅಂದರೆ ಒಂದು ಹೊತ್ತಿನ ಊಟ. ತೋಟದ ಕೆಲಸದವರಿಗೆ ಎರಡು ದಿನದ ಕೂಲಿ. ಇಬ್ಬರೂ ಮಾಡಿದ ತಪ್ಪು ಒಂದೇ. ಯಾರನ್ನು ಹಿಡಿಯುವುದು ಸುಲಭ ಅಂತ ನಿಮಗೇ ಗೊತ್ತು. ದಂಡದ ಪುಸ್ತಕದಲ್ಲಿ ಬಡವರ ಹೆಸರೇ ತುಂಬಿದರೆ ಈ ಕಾನೂನಿನ ಮೇಲೆ ಜನಕ್ಕೆ ಪ್ರೀತಿ ಹುಟ್ಟುವುದಿಲ್ಲ.

ಚಾ ಅಂಗಡಿ ಕಡೆ ಬರುತ್ತೇನೆ. ನಮ್ಮ ಊರಿನ ಜೀವ ಇರುವುದೇ ಅಲ್ಲಿ. ಎರಡು ಬೆಂಚು, ಒಂದು ಗಾಜಿನ ಡಬ್ಬದಲ್ಲಿ ಬನ್ನು, ಕುದಿಯುವ ಹಾಲು. ಕಂಬಕ್ಕೆ ಒಂದು ದಾರ. ದಾರದ ತುದಿಯಲ್ಲಿ ಲೈಟರ್ ತೂಗಾಡುತ್ತಿರುತ್ತದೆ. ನಾವು ಚಿಕ್ಕವರಿದ್ದಾಗ ಅಲ್ಲಿ ತೆಂಗಿನ ನಾರಿನ ಹಗ್ಗ ಇರುತ್ತಿತ್ತು. ಅದರ ತುದಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಕಿಡಿ ಆರುತ್ತಿರಲಿಲ್ಲ. ಬೀಡಿ ಹಚ್ಚುವವರು ಬಗ್ಗಿ ಹಚ್ಚಿಕೊಂಡು ಹೋಗುತ್ತಿದ್ದರು. ಹಗ್ಗ ಹೋಯಿತು, ಲೈಟರ್ ಬಂತು. ಅರ್ಥ ಒಂದೇ. ‘ಇಲ್ಲೇ ಹಚ್ಚಿ, ಪರವಾಗಿಲ್ಲ.’

ನಾನು ಒಂದು ಅಂಗಡಿಯಲ್ಲಿ ಬೇಕೆಂದೇ ಒಂದು ಗಂಟೆ ಕೂತೆ. ಬೋರ್ಡ್ ಇತ್ತು, ಕ್ಯಾಲೆಂಡರಿನ ಹಿಂದೆ ಅರ್ಧ ಮರೆಯಾಗಿ. ಬಂದವರು ಚಾ ಹೇಳುತ್ತಾರೆ, ‘ಒಂದು ಸಿಗರೇಟ್’ ಅನ್ನುತ್ತಾರೆ. ಅಂಗಡಿಯವರು ಪ್ಯಾಕಿನಿಂದ ಒಂದು ತೆಗೆದು ಕೊಡುತ್ತಾರೆ. ಕೈ ತಾನಾಗಿ ದಾರದ ಕಡೆ ಹೋಗುತ್ತದೆ. ಯಾರೂ ಮೇಲೆ ನೋಡುವುದಿಲ್ಲ. ಆ ಲೈಟರನ್ನು ಕಿತ್ತು ಒಳಗೆ ಇಟ್ಟರೆ ಆಗುವ ಬದಲಾವಣೆ ಇನ್ನೊಂದು ಬೋರ್ಡ್ ಹಾಕಿದರೆ ಆಗುವುದಿಲ್ಲ. ಇದು ನಾನು ಕಂಡು ಹೇಳುವ ಮಾತು.

ಆ ಬಿಡಿ ಸಿಗರೇಟಿನ ಬಗ್ಗೆಯೂ ಒಂದು ಮಾತು. ಪ್ಯಾಕಿನ ಮೇಲೆ 85 ಪರ್ಸೆಂಟ್ ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಅಂತ 2016ರಿಂದ ನಿಯಮ ಇದೆ. ಒಂದೊಂದೇ ಕೊಳ್ಳುವವರು ಆ ಚಿತ್ರವನ್ನು ಯಾವಾಗ ನೋಡಬೇಕು? ಪ್ಯಾಕು ಅಂಗಡಿಯವರ ಕೈಯಲ್ಲೇ ಉಳಿಯುತ್ತದೆ. ಹೈಸ್ಕೂಲು ಹುಡುಗನ ಜೇಬಿನಲ್ಲಿ ಇಡೀ ಪ್ಯಾಕಿನ ದುಡ್ಡು ಇರುವುದಿಲ್ಲ, ಒಂದರ ದುಡ್ಡು ಇರುತ್ತದೆ.

ದೊಡ್ಡ ಹೋಟೆಲುಗಳ ವಿಷಯ ಬೇಗ ಮುಗಿಸುತ್ತೇನೆ. 30 ಅಥವಾ ಅದಕ್ಕಿಂತ ಜಾಸ್ತಿ ಕೋಣೆ ಇರುವ ಹೋಟೆಲು, 30 ಅಥವಾ ಜಾಸ್ತಿ ಸೀಟು ಇರುವ ರೆಸ್ಟೋರೆಂಟು ಬೇಕಿದ್ದರೆ ಸೇದಲು ಪ್ರತ್ಯೇಕ ಜಾಗ ಮಾಡಬಹುದು. ಅದು ಬಾಗಿಲ ಹತ್ತಿರ ಇರಬಾರದು, ಅಲ್ಲಿಯ ಹೊಗೆ ಬೇರೆ ಕಡೆ ಬರಬಾರದು. ಎರಡು ಬೆಂಚಿನ ಚಾ ಅಂಗಡಿಗೆ ಈ ಅವಕಾಶ ಇಲ್ಲ.

ನಮ್ಮಲ್ಲಿ ಜಾಸ್ತಿ ಇರುವುದು ಹೋಂಸ್ಟೇ. ನಾಲ್ಕು ಕೋಣೆ, ಆರು ಕೋಣೆ. ರಾತ್ರಿ ಜಗಲಿಯಲ್ಲಿ, ಊಟದ ಮೇಜಿನಲ್ಲಿ ಹೊಗೆ. ಅತಿಥಿಗೆ ಹೇಗೆ ಹೇಳುವುದು ಅಂತ ಮನೆಯವರಿಗೆ ಸಂಕೋಚ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಮನೆಗೆ ಬಂದವರ ಮನಸ್ಸು ನೋಯಿಸಬಾರದು ಅಂತ ಬೆಳೆದವರು ನಾವು. ಆದರೆ ಅಲ್ಲಿ ರೊಟ್ಟಿ ತಟ್ಟುವ ಹೆಣ್ಣುಮಗಳು, ತಟ್ಟೆ ಎತ್ತುವ ಹುಡುಗ ಕೂಡ ಅದೇ ಹೊಗೆ ಕುಡಿಯುತ್ತಾರೆ. ಅತಿಥಿ ಎರಡು ದಿನಕ್ಕೆ ಹೋಗುತ್ತಾರೆ. ಅವರ ಹಿಂದೆ ಇನ್ನೊಬ್ಬರು ಬರುತ್ತಾರೆ. ಇವರು ವರ್ಷವಿಡೀ ಅಲ್ಲೇ. ಕೋಣೆ ಕಾದಿರಿಸುವಾಗಲೇ ‘ಸೇದುವುದಾದರೆ ಅಂಗಳದ ಆಚೆ’ ಅಂತ ಒಂದು ಸಾಲು ಬರೆದು ಕಳಿಸಿದರೆ ಎದುರೆದುರು ಹೇಳುವ ಕಷ್ಟ ತಪ್ಪುತ್ತದೆ. ಹಾಗೆ ಮಾಡುತ್ತಿರುವವರನ್ನು ನಾನು ಬಲ್ಲೆ. ಅತಿಥಿಗಳು ಕಡಿಮೆಯಾಗಿಲ್ಲ. ಮಕ್ಕಳನ್ನು ಕರೆದುಕೊಂಡು ಬರುವವರು ಅದನ್ನು ಓದಿ ಸಮಾಧಾನಪಡುತ್ತಾರೆ ಅಂತ ಅವರೇ ಹೇಳಿದರು. ಅಂಗಳದ ಆಚೆ ಸೇದಿದ ತುಂಡನ್ನು ಎಲ್ಲಿ ಹಾಕಬೇಕು ಅನ್ನುವುದನ್ನೂ ಬರೆಯಿರಿ. ಫೆಬ್ರವರಿ, ಮಾರ್ಚ್‌ನಲ್ಲಿ ಒಣಗಿದ ಹುಲ್ಲಿಗೆ ಒಂದು ತುಂಡು ಬಿದ್ದರೆ ಏನಾಗುತ್ತದೆ ಅಂತ ಕಾಡಿನ ಅಂಚಿನಲ್ಲಿ ಇರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಬೇರೆಯವರ ಹೊಗೆ ‘ಸ್ವಲ್ಪ ಆದರೆ ಪರವಾಗಿಲ್ಲ’ ಅನ್ನುವ ವಸ್ತು ಅಲ್ಲ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಮನೆಯಲ್ಲೋ ಕೆಲಸದ ಜಾಗದಲ್ಲೋ ಬೇರೆಯವರ ಹೊಗೆ ಕುಡಿಯುವವರಿಗೆ ಹೃದಯದ ಕಾಯಿಲೆಯ ಅಪಾಯ 25ರಿಂದ 30 ಪರ್ಸೆಂಟ್ ಜಾಸ್ತಿ. ಇಷ್ಟರವರೆಗೆ ಅಪಾಯವಿಲ್ಲ ಅನ್ನುವ ಮಿತಿಯೇ ಇಲ್ಲ. ಫ್ಯಾನ್ ಹಾಕಿದರೆ, ಕಿಟಕಿ ತೆಗೆದರೆ ಹೋಗುತ್ತದೆ ಅನ್ನುವುದು ತಪ್ಪು. ಮಕ್ಕಳಿಗೆ ಉಬ್ಬಸ ಕೆರಳುತ್ತದೆ, ಕಿವಿ ಸೋರುತ್ತದೆ.

2016–17ರಲ್ಲಿ ಇಡೀ ದೇಶದಲ್ಲಿ ವಯಸ್ಕರ ತಂಬಾಕು ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ ಸೇದುವವರು ನೂರಕ್ಕೆ 9 ಮಂದಿಗಿಂತ ಕಡಿಮೆ ಅಂತ ಅದರಲ್ಲಿ ಬಂತು, 8.8. ದೇಶದ ಲೆಕ್ಕ 10.7. ಅಂದರೆ ಸೇದದವರು ನೂರಕ್ಕೆ ಸುಮಾರು 90 ಮಂದಿ. ಆದರೆ ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕಟ್ಟಡದೊಳಗೆ ಕೆಲಸ ಮಾಡುವ ನೂರು ಜನರಲ್ಲಿ 30 ಜನಕ್ಕೆ ಕೆಲಸದ ಜಾಗದಲ್ಲೇ ಹೊಗೆ ತಾಗುತ್ತದೆ. ಮನೆಯಲ್ಲಿ ಇನ್ನೂ ಜಾಸ್ತಿ, ನೂರಕ್ಕೆ 38.7. ನಮ್ಮ ಶೆಲ್ಟರಿನ ಲೆಕ್ಕವೂ ಹಾಗೇ ಇತ್ತು ಅಲ್ವಾ? ಒಬ್ಬರು ಸೇದುತ್ತಾರೆ, ಉಳಿದವರೆಲ್ಲ ಜಾಗ ಬಿಟ್ಟು ಕೊಡುತ್ತೇವೆ.

ಒಂದು ಊರಿನಲ್ಲಿ ನಿಷೇಧ ನಡೆಯುತ್ತಿದೆಯಾ ಅಂತ ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಮೂಗು ಹೇಳುತ್ತದೆ. ಆಮೇಲೆ ನೆಲ ನೋಡಿ. ಎದುರಿನ ಅಂಗಳ ಗುಡಿಸಿರುತ್ತಾರೆ. ಹಾಗಾಗಿ ನೀರಿನ ಟ್ಯಾಂಕಿನ ಹಿಂದೆ, ಜನರೇಟರ್ ಇಟ್ಟಿರುವ ಮೂಲೆಯಲ್ಲಿ, ಕಿಟಕಿಯ ಕಂಬಿಯ ಸಂದಿನಲ್ಲಿ ನೋಡಬೇಕು. ಮೋಟು ಬೀಡಿ, ಸಿಗರೇಟಿನ ಫಿಲ್ಟರ್ ತುಂಡು ಅಲ್ಲಿರುತ್ತವೆ. ಹೋಗುವ ಹೊತ್ತೂ ಮುಖ್ಯ. ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಊರು ತುಂಬಾ ಚೆನ್ನಾಗಿರುತ್ತದೆ. ಸಂಜೆ ಆರೂವರೆಗೆ, ಕೊನೆಯ ಬಸ್ಸುಗಳ ಹೊತ್ತಿಗೆ ಹೋಗಿ. ಶುಕ್ರವಾರ ಸಂತೆಯ ದಿನ ಹೋಗಿ. ಮುಖ್ಯವಾಗಿ, ಮಳೆ ಬರುವಾಗ ಹೋಗಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು. ಬೇಸಿಗೆಯಲ್ಲಿ ಆಚೆ ಹೋಗಿ ಸೇದುವವರೂ ಜೂನ್ ತಿಂಗಳಲ್ಲಿ ಸೂರಿನ ಒಳಗೆ ಬರುತ್ತಾರೆ. ಮಳೆಗಾಲದಲ್ಲಿ ನೋಡದೆ ಕೊಡಗಿನಲ್ಲಿ ನಿಷೇಧ ಚೆನ್ನಾಗಿ ನಡೆಯುತ್ತಿದೆ ಅಂತ ಬರೆದರೆ ಅದು ಅರ್ಧ ವರ್ಷದ ಲೆಕ್ಕ ಮಾತ್ರ.

ನನ್ನ ಕೋರಿಕೆ ಚಿಕ್ಕದು. ಇಲ್ಲಿ ಕೂತವರಲ್ಲಿ ಅಂಗಡಿ ಇರುವವರು ಇದ್ದೀರಿ, ಕಚೇರಿಯಲ್ಲಿ ಇರುವವರು, ಶಾಲೆಯವರು, ಸಂಘದವರು ಇದ್ದೀರಿ. ನಾಳೆ ನಿಮ್ಮ ಬೋರ್ಡಿನ ಮುಂದೆ ನಿಂತು ಆ ಗೆರೆಯನ್ನು ನೋಡಿ. ಖಾಲಿ ಇದ್ದರೆ ಒಂದು ಹೆಸರು ಬರೆಯಿರಿ. ದಿನವೂ ಅಲ್ಲೇ ಇರುವವರ ಹೆಸರು ಬರೆಯಿರಿ. ಬಸ್ ಶೆಲ್ಟರಿಗೆ ಯಾರ ಹೆಸರು? ಅಲ್ಲೇ ಪಕ್ಕದಲ್ಲಿ ಹೂವು ಮಾರುವವರಿದ್ದಾರೆ, ಆಟೋ ಸ್ಟ್ಯಾಂಡಿನವರಿದ್ದಾರೆ, ಟೈಮ್ ಕೀಪರ್ ಇದ್ದಾರೆ. ಅವರನ್ನು ಕೇಳಿ, ಒಪ್ಪಿಸಿ, ಸ್ಥಳೀಯ ಆಡಳಿತದ ಮೂಲಕ ಅವರಿಗೆ ಆ ಜವಾಬ್ದಾರಿ ಕೊಡಿಸೋಣ. ಹೇಳುವ ರೀತಿಯೂ ಮುಖ್ಯ. ‘ಏಯ್, ಬೋರ್ಡ್ ಕಾಣಲ್ವಾ’ ಅಂದರೆ ಜಗಳ. ‘ಅಣ್ಣಾ, ಇಲ್ಲಿ ಮಕ್ಕಳಿದ್ದಾರೆ, ಸ್ವಲ್ಪ ಆಚೆ ಹೋಗ್ತೀರಾ’ ಅಂದರೆ ನೂರರಲ್ಲಿ ತೊಂಬತ್ತು ಜನ ಹೋಗುತ್ತಾರೆ. ಆ ಜುಲೈ ಸಂಜೆಯ ನಂತರ ನಾನು ಹೀಗೆ ಹೇಳುವುದನ್ನು ಅಭ್ಯಾಸ ಮಾಡಿಕೊಂಡೆ. ಮೊದಮೊದಲು ಗಂಟಲು ಒಣಗುತ್ತಿತ್ತು. ಒಮ್ಮೆ ಮಾತ್ರ ಒಬ್ಬರು ‘ನಿಮಗೇನು ಸಾರ್’ ಅಂದರು. ಅದು ಒಂದು ಆಸ್ಪತ್ರೆಯ ಮೆಟ್ಟಿಲಲ್ಲಿ. ಒಳಗೆ ಅವರ ತಂದೆ ಇದ್ದರು, ಇವರು ಗಾಬರಿಯಲ್ಲಿದ್ದರು. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವರೇ ಆರಿಸಿದರು.

ಇಷ್ಟು ಹೇಳಿ ನಾನು ಕೂತೆ. ಮೂರು ಪ್ರಶ್ನೆಗಳು ಬಂದವು.

ಮೊದಲನೆಯದು ಹಿಂದಿನ ಸಾಲಿನಿಂದ, ವಯಸ್ಸಾದವರೊಬ್ಬರದ್ದು. ‘ನಲವತ್ತು ವರ್ಷದಿಂದ ಬೀಡಿ ಎಳೀತಿದ್ದೇನೆ. ಬಿಡಬೇಕು ಅಂತ ಆಸೆ ಇದೆ. ಯಾರನ್ನು ಕೇಳುವುದು?’ ಸರ್ಕಾರದ ಸಹಾಯವಾಣಿ ಇದೆ, 1800 11 2356. ದುಡ್ಡು ಕೊಡಬೇಕಾಗಿಲ್ಲ. ಸಭೆ ಮುಗಿದ ಮೇಲೆ ಅವರ ಮೊಮ್ಮಗನ ಫೋನಿನಲ್ಲಿ ಹಾಕಿಕೊಟ್ಟೆ.

ಎರಡನೆಯದು ಒಬ್ಬ ಯುವಕರದ್ದು. ‘ಮಳೆಯಲ್ಲಿ ನಾನು ಎಲ್ಲಿ ನಿಂತು ಸೇದಬೇಕು ಸಾರ್? ಅದನ್ನೂ ಹೇಳಿ.’ ಇದು ನ್ಯಾಯವಾದ ಪ್ರಶ್ನೆ. ಸೇದುವವರು ನಮ್ಮವರೇ. ಆಚೆ ಹೋಗಿ ಅಂದರೆ ಆಚೆ ಒಂದು ಜಾಗ ಇರಬೇಕು. ಜನ ನಿಲ್ಲುವ ಜಾಗದಿಂದ ದೂರ, ಯಾರೂ ಹಾದು ಹೋಗದ ಕಡೆ ನಾಲ್ಕು ತಗಡು ಹಾಕಿದರೆ ಸಾಕು ಅಂತ ನನ್ನ ಅಭಿಪ್ರಾಯ. ‘ಸೇದುವುದಕ್ಕೆ ಅನುಕೂಲ ಮಾಡಿಕೊಡುವುದು ತಪ್ಪಲ್ವಾ’ ಅಂತ ಪಕ್ಕದಲ್ಲಿದ್ದವರು ಆಕ್ಷೇಪ ಮಾಡಿದರು. ನನಗೆ ನನ್ನ ಹೆಂಡತಿ ಮಳೆಯಲ್ಲಿ ನಿಂತದ್ದು ಕಣ್ಣ ಮುಂದೆ ಇದೆ. ಅವಳು ಒಳಗೆ ನಿಲ್ಲುವಂತಾಗಲು ಆ ತಗಡು ಬೇಕಿದ್ದರೆ ಹಾಕೋಣ ಅಂದೆ. ಅವರು ಪೂರ್ತಿ ಒಪ್ಪಲಿಲ್ಲ.

ಮೂರನೆಯದು ಚಾ ಅಂಗಡಿ ನಡೆಸುವ ಒಬ್ಬ ಅಕ್ಕನದ್ದು. ‘ನಾನು ಲೈಟರ್ ತೆಗೀತೇನೆ ಮೇಷ್ಟ್ರೇ. ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ. ನನ್ನ ವ್ಯಾಪಾರ ಯಾರು ನೋಡ್ತಾರೆ?’ ಇದಕ್ಕೆ ಒಬ್ಬರೇ ಮಾಡುವ ದಾರಿ ಇಲ್ಲ. ಆ ಸಾಲಿನ ಅಂಗಡಿಯವರೆಲ್ಲ ಒಂದೇ ದಿನ ತೆಗೆಯಬೇಕು. ‘ನಾನು ಬಂದು ಅವರ ಹತ್ತಿರ ಮಾತಾಡಲಾ’ ಅಂತ ಕೇಳಿದೆ. ‘ಶುಕ್ರವಾರ ಬೇಡ, ಸಂತೆ ಇರ್ತದೆ, ಯಾರಿಗೂ ಪುರುಸೊತ್ತಿರಲ್ಲ. ಶನಿವಾರ ಮಧ್ಯಾಹ್ನ ಬನ್ನಿ’ ಅಂದರು. ಶನಿವಾರ ಹೋಗುತ್ತೇನೆ. ಬರುವವರಿದ್ದರೆ ಮೂರು ಗಂಟೆಗೆ ಅಲ್ಲಿಗೇ ಬನ್ನಿ.